ಚೀಟಿ ಬರೆಯದೆ ಹೊಂದುವ ಉತ್ತರಗಳು: ಜೋಡಿ ಕ್ಯೂಬಿಟ್‌ಗಳ ಅಳತೆಯಲ್ಲಿ ಯಾವುದನ್ನು ಮೊದಲೇ ಹೇಳಬಹುದು?

ಎರಡು ಬೇರೆ ಬೇರೆ ಕೊಠಡಿಗಳಲ್ಲಿ ಪರೀಕ್ಷೆ ಬರೆದ ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳು ಒಬ್ಬ ಮೌಲ್ಯಮಾಪಕರ ಕೈಗೆ ಬಂದಿವೆ ಎಂದುಕೊಳ್ಳೋಣ. ಪ್ರಶ್ನೆಗಳೆಲ್ಲ ಹೌದು ಅಥವಾ ಇಲ್ಲ ಎಂದು ಉತ್ತರಿಸುವಂಥವು. ಇಬ್ಬರೂ ಓದಿಕೊಂಡು ಬಂದವರಲ್ಲ ಎಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ, ಏಕೆಂದರೆ ಒಬ್ಬೊಬ್ಬರ ಪತ್ರಿಕೆಯನ್ನೇ ನೋಡಿದರೆ ನಾಣ್ಯ ಚಿಮ್ಮಿ ಬರೆದಂತೆ ಅರ್ಧ ಹೌದು, ಅರ್ಧ ಇಲ್ಲ. ಆದರೆ ಇಬ್ಬರಿಗೂ ಒಂದೇ ಪ್ರಶ್ನೆ ಬಂದ ಕಡೆಗಳಲ್ಲೆಲ್ಲ, ಒಂದೂ ತಪ್ಪದೆ, ಇಬ್ಬರ ಉತ್ತರವೂ ಒಂದೇ ಆಗಿದೆ. ಅನುಭವವಿರುವ ಮೌಲ್ಯಮಾಪಕರಿಗೆ ಆಗ ಎರಡೇ ಸಂಶಯಗಳು ಮೂಡುತ್ತವೆ: ಇವರು ಒಳಗೆ ಹೋಗುವ ಮೊದಲೇ ಒಟ್ಟಿಗೆ ಕುಳಿತು ಚೀಟಿ ಬರೆದುಕೊಂಡಿರಬೇಕು, ಇಲ್ಲವೇ ಪರೀಕ್ಷೆಯ ನಡುವೆ ಹೇಗೋ ಮಾತಾಡಿಕೊಂಡಿರಬೇಕು. ಮೂರನೆಯ ದಾರಿ ಯಾರಿಗೂ ಹೊಳೆಯುವುದಿಲ್ಲ. ಜೋಡಿ ಕ್ಯೂಬಿಟ್‌ಗಳ ಬಗ್ಗೆ ಭೌತವಿಜ್ಞಾನಿಗಳಿಗೆ 1935ರಿಂದ ಕಾಡಿದ್ದೂ ಇದೇ ಸಂಶಯ. ಬರಿಯ ಚೀಟಿಯಿಂದ ಇಂಥ ಉತ್ತರಗಳು ಬರಲಾರವು ಎಂದು ಲೆಕ್ಕದಲ್ಲಿ ತೋರಿಸಲು 1964ರವರೆಗೆ, ಪ್ರಯೋಗದಲ್ಲಿ ಸಂದು ಬಿಡದಂತೆ ತೋರಿಸಲು 2015ರವರೆಗೆ ಕಾಯಬೇಕಾಯಿತು.

ಕ್ಯೂಬಿಟ್ ಎಂದರೆ ಅಳೆದಾಗ ಎರಡೇ ಬಗೆಯ ಉತ್ತರ ಕೊಡಬಲ್ಲ ಒಂದು ಕ್ವಾಂಟಂ ವ್ಯವಸ್ಥೆ. ಅದು ಎಲೆಕ್ಟ್ರಾನಿನ ಸ್ಪಿನ್ ಆಗಿರಬಹುದು, ಫೋಟಾನಿನ, ಅಂದರೆ ಬೆಳಕಿನ ಕಣದ, ಧ್ರುವೀಕರಣವಾಗಿರಬಹುದು, ಅತಿಶೀತದಲ್ಲಿಟ್ಟ ಅತಿವಾಹಕ ಮಂಡಲವೂ ಆಗಿರಬಹುದು. ‘ಕ್ಯೂಬಿಟ್ ಏಕಕಾಲದಲ್ಲಿ 0 ಮತ್ತು 1 ಎರಡೂ ಆಗಿರುತ್ತದೆ’ ಎಂಬ ವಾಕ್ಯವನ್ನು ಜನಪ್ರಿಯ ಬರಹಗಳಲ್ಲಿ ಪದೇ ಪದೇ ಓದುತ್ತೇವೆ. ಆ ವಾಕ್ಯವನ್ನು ಹಿಡಿದುಕೊಂಡು ಯಾವ ಅಳತೆಯ ಫಲಿತಾಂಶವನ್ನೂ ಲೆಕ್ಕಹಾಕಲಾಗುವುದಿಲ್ಲ ಎಂಬುದು ನನ್ನ ತಕರಾರು. ಅದಕ್ಕಿಂತ ಉಪಯೋಗದ ಮಾತು ಇದು: ಸಾಮಾನ್ಯ ಬಿಟ್‌ಗೆ ಕೇಳಬಹುದಾದ ಪ್ರಶ್ನೆ ಒಂದೇ, ‘ನೀನು 0 ಆಗಿದ್ದೀಯಾ, 1 ಆಗಿದ್ದೀಯಾ?’ ಎಂಬುದು, ಕ್ಯೂಬಿಟ್‌ಗೆ ಕೇಳಬಹುದಾದ ಪ್ರಶ್ನೆಗಳು ಅಸಂಖ್ಯ, ಆದರೆ ಪ್ರತಿ ಪ್ರಶ್ನೆಗೂ ಉತ್ತರಗಳು ಎರಡೇ. ಫೋಟಾನಿನ ದಾರಿಯಲ್ಲಿ ಧ್ರುವಕವೊಂದನ್ನು, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸೋಸುಕವೊಂದನ್ನು, ಇಟ್ಟು ಅದನ್ನು ಯಾವ ಕೋನಕ್ಕೆ ಬೇಕಾದರೂ ತಿರುಗಿಸಬಹುದು. ಕೋನ ಬದಲಾದರೆ ಪ್ರಶ್ನೆ ಬದಲಾದಂತೆ. ಫೋಟಾನ್ ಮಾತ್ರ ಒಂದೋ ದಾಟುತ್ತದೆ, ಇಲ್ಲವೇ ದಾಟುವುದಿಲ್ಲ. ಅರ್ಧ ದಾಟಿದ ಫೋಟಾನನ್ನು ಯಾರೂ ಕಂಡಿಲ್ಲ.

ಎರಡು ಕ್ಯೂಬಿಟ್‌ಗಳಿದ್ದಾಗ 00, 01, 10, 11 ಎಂಬ ನಾಲ್ಕು ಜೋಡಿ ಉತ್ತರಗಳು ಸಾಧ್ಯ. ಕ್ವಾಂಟಂ ಸಿದ್ಧಾಂತ ಈ ನಾಲ್ಕಕ್ಕೂ ಒಂದೊಂದು ಸಂಖ್ಯೆಯನ್ನು ಕೊಡುತ್ತದೆ. ಅದನ್ನು ಆಂಪ್ಲಿಟ್ಯೂಡ್ ಎನ್ನುತ್ತಾರೆ. ನಮ್ಮ ಶಾಲಾ ಪಠ್ಯಗಳು ಅಲೆಗಳ ಪಾಠದಲ್ಲಿ ಅದನ್ನು ಪಾರ ಎಂದು ಕರೆಯುತ್ತವೆ. ಪಾರದ ಪರಿಮಾಣದ ವರ್ಗವೇ ಆ ಉತ್ತರದ ಸಂಭವನೀಯತೆ, ಮತ್ತು ನಾಲ್ಕು ವರ್ಗಗಳ ಮೊತ್ತ 1 ಆಗಿರಲೇಬೇಕು. ಪಾರವು ಋಣಸಂಖ್ಯೆಯೂ ಆಗಬಹುದು, ಸಮ್ಮಿಶ್ರ ಸಂಖ್ಯೆಯೂ ಆಗಬಹುದು ಎಂಬ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನ ವಿಚಿತ್ರಗಳಲ್ಲಿ ಅರ್ಧಕ್ಕೆ ಕಾರಣ ಸಿಕ್ಕಂತೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಜೋಡಿಯಲ್ಲಿ 00ರ ಸಂಭವನೀಯತೆ ಅರ್ಧ, 10ರದು ಕಾಲು, 11ರದು ಕಾಲು, 01ರದು ಸೊನ್ನೆ ಎಂದಿರಲಿ. ಮೊದಲ ಕ್ಯೂಬಿಟ್ಟನ್ನು ಅಳೆದಾಗ 0 ಬರುವ ಸಾಧ್ಯತೆ ಅರ್ಧ. ಹಾಗೆ 0 ಬಂದರೆ, ನಾಲ್ಕರಲ್ಲಿ 0ಯಿಂದ ಆರಂಭವಾಗುವ ಸಾಲುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಹೊಡೆದುಹಾಕಬೇಕು. ಉಳಿಯುವುದು 00 ಒಂದೇ, ಆದ್ದರಿಂದ ಎರಡನೆಯ ಕ್ಯೂಬಿಟ್ ಖಂಡಿತವಾಗಿ 0 ಕೊಡುತ್ತದೆ. ಮೊದಲನೆಯದು 1 ಎಂದು ಬಂದರೆ 10 ಮತ್ತು 11 ಉಳಿಯುತ್ತವೆ. ಎರಡರ ತೂಕವೂ ಸಮವಾಗಿರುವುದರಿಂದ, ಮೊತ್ತ ಮತ್ತೆ 1 ಆಗುವಂತೆ ಹಿಗ್ಗಿಸಿದಾಗ ಎರಡನೆಯ ಕ್ಯೂಬಿಟ್ ಬಗ್ಗೆ ಅರ್ಧಕ್ಕರ್ಧ ಎನ್ನುವುದಕ್ಕಿಂತ ಹೆಚ್ಚೇನೂ ಹೇಳಲಾಗುವುದಿಲ್ಲ. ಮೊದಲನೆಯದನ್ನು ಅಳೆಯದೆ ಎರಡನೆಯದನ್ನೇ ಅಳೆದಿದ್ದರೆ 0 ಬರುವ ಸಾಧ್ಯತೆ ಮುಕ್ಕಾಲು ಇರುತ್ತಿತ್ತು. ಈಗಲೂ, ಮೊದಲನೆಯದರ ಉತ್ತರ ಗೊತ್ತಿಲ್ಲದವನ ಪಾಲಿಗೆ, ಅದು ಮುಕ್ಕಾಲೇ. ಯಾವುದನ್ನು ಮೊದಲು ಅಳೆದರೂ ಜೋಡಿ ಉತ್ತರಗಳ ಸಂಭವನೀಯತೆ ಬದಲಾಗುವುದಿಲ್ಲ. ಜೋಡಿ ಅಳತೆಗಳನ್ನು ಮುಂಗಾಣುವ ವಿಧಾನ ಇಷ್ಟೇ: ಸಾಲುಗಳನ್ನು ಹೊಡೆದುಹಾಕುವುದು, ಉಳಿದದ್ದನ್ನು ಹಿಗ್ಗಿಸುವುದು.

ಇನ್ನು ಹೆಚ್ಚು ಹೆಸರಾದ ಜೋಡಿಗೆ ಬರೋಣ. ಇದರಲ್ಲಿ 00 ಮತ್ತು 11 ಎರಡಕ್ಕೂ ಸಮ ಪಾರ, 01 ಮತ್ತು 10ಕ್ಕೆ ಸೊನ್ನೆ. ಇದು, ಮುಂದೆ ಬರಲಿರುವ ಜಾನ್ ಬೆಲ್ ಅವರ ಹೆಸರು ಹೊತ್ತ ಬೆಲ್ ಸ್ಥಿತಿಗಳಲ್ಲಿ ಒಂದು. ಎರಡೂ ಕ್ಯೂಬಿಟ್‌ಗಳನ್ನು ಅಳೆದರೆ ಉತ್ತರಗಳು ಸದಾ ಹೊಂದುತ್ತವೆ. ಒಂದೊಂದನ್ನೇ ನೋಡಿದರೆ ಶುದ್ಧ ಜೂಜು. ಇಷ್ಟರಲ್ಲೇ ಅನೇಕ ಬರಹಗಳು ಬೆರಗಾಗಿ ನಿಂತುಬಿಡುತ್ತವೆ, ಆದರೆ ಇಷ್ಟರಲ್ಲಿ ಬೆರಗಿಗೆ ಏನೂ ಇಲ್ಲ. ಒಬ್ಬರು ನಾಣ್ಯ ಚಿಮ್ಮಿ, ಬಿದ್ದ ಉತ್ತರವನ್ನು ಎರಡು ಕಾಗದದ ಮೇಲೆ ಬರೆದು, ಎರಡು ಲಕೋಟೆಗಳಲ್ಲಿಟ್ಟು ಎರಡು ಊರುಗಳಿಗೆ ಅಂಚೆಯಲ್ಲಿ ಕಳಿಸಿದರೂ ಇದೇ ಫಲಿತಾಂಶ ಬರುತ್ತದೆ. ವ್ಯತ್ಯಾಸ ಕಾಣಬೇಕಾದರೆ ಪ್ರಶ್ನೆಯನ್ನು ಬದಲಿಸಬೇಕು. ಫೋಟಾನ್‌ಗಳ ಭಾಷೆಯಲ್ಲಿ ಹೇಳುವುದಾದರೆ, ಎರಡೂ ಧ್ರುವಕಗಳನ್ನು 45 ಡಿಗ್ರಿ ತಿರುಗಿಸಬೇಕು. ಆಗ ಬೆಲ್ ಜೋಡಿಯ ಉತ್ತರಗಳು ಮತ್ತೆ ನೂರಕ್ಕೆ ನೂರು ಹೊಂದುತ್ತವೆ, ಆದರೆ ಅಂಚೆಯಲ್ಲಿ ಕಳಿಸಿದ ಜೋಡಿಯ, ಅಂದರೆ ಅರ್ಧ ಸಲ 00 ಆಗಿಯೂ ಅರ್ಧ ಸಲ 11 ಆಗಿಯೂ ತಯಾರಾದ ಫೋಟಾನ್‌ಗಳ ಉತ್ತರಗಳು ಅರ್ಧ ಸಲ ಮಾತ್ರ ಹೊಂದುತ್ತವೆ. ಇನ್ನೊಂದು ಜೋಡಿಯೂ ಇದೆ. ಅದರಲ್ಲಿ 11ರ ಪಾರದ ಮುಂದೆ ಋಣಚಿಹ್ನೆ ಇರುತ್ತದೆ. ವರ್ಗ ಮಾಡಿದಾಗ ಚಿಹ್ನೆ ಮಾಯವಾಗುವುದರಿಂದ ಮೊದಲ ಪ್ರಶ್ನೆಗೆ ಅದೂ ಸದಾ ಹೊಂದುವ ಉತ್ತರ ಕೊಡುತ್ತದೆ, 45 ಡಿಗ್ರಿಯ ಪ್ರಶ್ನೆಗಾದರೋ ಒಮ್ಮೆಯೂ ಹೊಂದುವುದಿಲ್ಲ. ಒಂದೇ ಪ್ರಶ್ನೆ ಕೇಳುವವನಿಗೆ ಮೂರು ಜೋಡಿಗಳೂ ಒಂದೇ. ಎರಡನೆಯ ಪ್ರಶ್ನೆ ಕೇಳಿದವನಿಗೆ ಮೂರೂ ಬೇರೆ.

ಆದರೂ ಚೀಟಿಯ ಸಂಶಯ ಇಲ್ಲಿಗೆ ಮುಗಿಯಲಿಲ್ಲ. ಲಕೋಟೆಯೊಳಗಿನ ಕಾಗದದಲ್ಲಿ ಒಂದೇ ಉತ್ತರದ ಬದಲು ಎರಡು ಬರೆದಿಟ್ಟರಾಯಿತು: ‘0 ಡಿಗ್ರಿಯಲ್ಲಿ ಕೇಳಿದರೆ ಹೌದು ಎನ್ನು, 45ರಲ್ಲಿ ಕೇಳಿದರೆ ಇಲ್ಲ ಎನ್ನು.’ ಆಲ್ಬರ್ಟ್ ಐನ್‌ಸ್ಟೈನ್, ಬೋರಿಸ್ ಪೊಡೊಲ್ಸ್ಕಿ ಮತ್ತು ನೇಥನ್ ರೋಸೆನ್ 1935ರಲ್ಲಿ ವಾದಿಸಿದ್ದು ಸ್ಥೂಲವಾಗಿ ಇದನ್ನೇ. ದೂರದಲ್ಲಿರುವ ಕಣವೊಂದನ್ನು ಮುಟ್ಟದೆಯೇ ಅದರ ಉತ್ತರವನ್ನು ಖಚಿತವಾಗಿ ಹೇಳಬಹುದಾದರೆ, ಆ ಉತ್ತರ ಅಲ್ಲಿ ಮೊದಲೇ ಇದ್ದಿರಬೇಕು. ಕ್ವಾಂಟಂ ಸಿದ್ಧಾಂತದಲ್ಲಿ ಅದರ ಉಲ್ಲೇಖವಿಲ್ಲದಿದ್ದರೆ ಸಿದ್ಧಾಂತ ಅಪೂರ್ಣ. ಅದೇ ವರ್ಷ ಎರ್ವಿನ್ ಶ್ರೋಡಿಂಗರ್ ಇಂಥ ಜೋಡಿಗಳ ಸಂಬಂಧಕ್ಕೆ ಹೆಣೆದುಕೊಂಡಿರುವುದು ಎಂಬ ಅರ್ಥದ ಹೆಸರಿಟ್ಟರು. ಇಂದಿನ ‘ಎಂಟ್ಯಾಂಗಲ್‌ಮೆಂಟ್’ ಎಂಬ ಪದ ಅಲ್ಲಿಂದ ಬಂದದ್ದು. ಐನ್‌ಸ್ಟೈನರ ವಾದ ಮೂರ್ಖತನದ್ದೇನೂ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆಗ ಗೊತ್ತಿದ್ದ ಸಂಗತಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅದೇ ಹೆಚ್ಚು ವಿವೇಕದ ಊಹೆಯಾಗಿತ್ತು, ಮತ್ತು ಮುಂದಿನ ಮೂರು ದಶಕ ಅದನ್ನು ಪರೀಕ್ಷೆಗೆ ಒಡ್ಡುವ ದಾರಿ ಯಾರಿಗೂ ಹೊಳೆಯಲಿಲ್ಲ.

ದಾರಿ ಕಂಡವರು ಜಾನ್ ಬೆಲ್. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಅವರು 1964ರಲ್ಲಿ, ಕೆಲವೇ ವರ್ಷ ನಡೆದು ನಿಂತುಹೋದ ಒಂದು ನಿಯತಕಾಲಿಕೆಯಲ್ಲಿ, ಕೆಲವೇ ಪುಟಗಳ ಲೇಖನ ಬರೆದರು. ಅವರ ತರ್ಕವನ್ನು ಇಲ್ಲಿ ಅವರದೇ ರೂಪದಲ್ಲಿ ಅಲ್ಲದೆ, ಪ್ರೌಢಶಾಲೆಯ ಗಣಿತ ಸಾಕಾಗುವ ಇನ್ನೊಂದು ರೂಪದಲ್ಲಿ ನೋಡೋಣ. ಈ ಕ್ಷೇತ್ರದ ರೂಢಿಯಂತೆ ಒಂದು ಫೋಟಾನನ್ನು ಅಳೆಯುವವಳು ಆಲಿಸ್, ಇನ್ನೊಂದನ್ನು ಅಳೆಯುವವನು ಬಾಬ್. ಬೆಲ್ ಜೋಡಿಯ ಬಗ್ಗೆ ಕ್ವಾಂಟಂ ಸಿದ್ಧಾಂತ ಕೊಡುವ ಸೂತ್ರ ಬಹಳ ಚಿಕ್ಕದು: ಇಬ್ಬರ ಧ್ರುವಕಗಳ ನಡುವಿನ ಕೋನದ ಕೊಸೈನನ್ನು ವರ್ಗ ಮಾಡಿದರೆ ಉತ್ತರಗಳು ಹೊಂದುವ ಸಂಭವನೀಯತೆ ಸಿಗುತ್ತದೆ. ಅಂತರ ಸೊನ್ನೆಯಾದರೆ ಶೇಕಡ 100, 30 ಡಿಗ್ರಿಯಾದರೆ ಶೇಕಡ 75, 60 ಆದರೆ ಶೇಕಡ 25, 90 ಆದರೆ ಸೊನ್ನೆ. ಆದ್ದರಿಂದ 0 ಡಿಗ್ರಿಯಲ್ಲಿ ಅಳೆದು ‘ಹೌದು’ ಪಡೆದ ಆಲಿಸ್, 30 ಡಿಗ್ರಿಯಲ್ಲಿ ಅಳೆಯಲಿರುವ ಬಾಬ್‌ಗೂ ‘ಹೌದು’ ಬರುವ ಸಾಧ್ಯತೆ ನೂರಕ್ಕೆ 75 ಎಂದು ಕರಾರುವಾಕ್ಕಾಗಿ ಹೇಳಬಲ್ಲಳು. ತನಗೆ ಏನು ಬರುತ್ತದೆ ಎಂಬುದನ್ನು ಮಾತ್ರ ಅಳೆಯುವ ಮೊದಲು ಹೇಳಲಾರಳು.

ಈಗ ಚೀಟಿಗಳನ್ನು ಬರೆಯುವ ಪ್ರಯತ್ನ ಮಾಡೋಣ. ಕೇಳಬಹುದಾದ ಪ್ರಶ್ನೆಗಳು ಮೂರು ಎಂದಿರಲಿ: 0, 30 ಮತ್ತು 60 ಡಿಗ್ರಿ. ಪ್ರತಿ ಜೋಡಿ ಹೊರಡುವಾಗ ಎರಡೂ ಫೋಟಾನ್‌ಗಳು ಮೂರು ಪ್ರಶ್ನೆಗಳಿಗೂ ಉತ್ತರ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡುತ್ತವೆ. ಒಂದೇ ಪ್ರಶ್ನೆಗೆ ಉತ್ತರಗಳು ಸದಾ ಹೊಂದುವುದರಿಂದ ಎರಡು ಚೀಟಿಗಳೂ ಅಕ್ಷರಶಃ ಒಂದೇ ಆಗಿರಬೇಕು. ಆಲಿಸ್‌ಗೆ 0, ಬಾಬ್‌ಗೆ 30 ಡಿಗ್ರಿಯ ಪ್ರಶ್ನೆ ಬಂದಾಗ ನೂರರಲ್ಲಿ 25 ಸಲ ಉತ್ತರಗಳು ಹೊಂದಬಾರದು. ಅಂದರೆ ನೂರು ಚೀಟಿಗಳಲ್ಲಿ 25ರ ಮೇಲೆ 0ಯ ಉತ್ತರ ಮತ್ತು 30ರ ಉತ್ತರ ಬೇರೆ ಬೇರೆಯಾಗಿರಬೇಕು. ಅದೇ ಕಾರಣಕ್ಕೆ 25 ಚೀಟಿಗಳಲ್ಲಿ 30ರ ಉತ್ತರ ಮತ್ತು 60ರ ಉತ್ತರ ಬೇರೆಯಾಗಿರಬೇಕು. ಹಾಗಾದರೆ 0ಯ ಉತ್ತರವೂ 60ರ ಉತ್ತರವೂ ಬೇರೆಯಾಗಿರುವ ಚೀಟಿಗಳು ಎಷ್ಟಿರಬಹುದು? 0ಯಿಂದ 60ಕ್ಕೆ ಹೋಗುವಷ್ಟರಲ್ಲಿ ಉತ್ತರ ಬದಲಾಗಿದ್ದರೆ ಅದು 0 ಮತ್ತು 30ರ ನಡುವೆಯೋ, 30 ಮತ್ತು 60ರ ನಡುವೆಯೋ ಬದಲಾಗಿರಲೇಬೇಕು. ಮೊದಲ ಬಗೆಯವು 25, ಎರಡನೆಯ ಬಗೆಯವು 25, ಒಟ್ಟು ಹೆಚ್ಚೆಂದರೆ 50. ಎಷ್ಟೇ ಜಾಣತನದಿಂದ ಬರೆದರೂ ಐವತ್ತನ್ನು ದಾಟಲಾಗುವುದಿಲ್ಲ. ಆದರೆ ಕ್ವಾಂಟಂ ಸೂತ್ರದ ಪ್ರಕಾರ 60 ಡಿಗ್ರಿ ಅಂತರದಲ್ಲಿ ನೂರಕ್ಕೆ 75 ಸಲ ಉತ್ತರಗಳು ಹೊಂದಬಾರದು. ಐವತ್ತಕ್ಕೂ ಎಪ್ಪತ್ತೈದಕ್ಕೂ ಇರುವ ಅಂತರ ಅಳತೆಯ ದೋಷದಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದಲ್ಲ.

ಸೂತ್ರದಿಂದ ತೆಗೆದುಕೊಂಡ 25 ಮತ್ತು 75ನ್ನು ಬಿಟ್ಟರೆ ಈ ತರ್ಕದಲ್ಲಿ ಕ್ವಾಂಟಂ ಸಿದ್ಧಾಂತದ ಗಣಿತ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಐವತ್ತರ ಮಿತಿ ಎಣಿಕೆಯಿಂದಲೇ ಬಂದದ್ದು. ಆದರೆ ಎಣಿಕೆಯ ಹಿಂದೆ ಎರಡು ಷರತ್ತುಗಳು ಅಡಗಿವೆ: ಆಲಿಸ್‌ಗೆ ಯಾವ ಪ್ರಶ್ನೆ ಬಂತು ಎಂಬುದು ಬಾಬ್‌ನ ಫೋಟಾನಿಗೆ ತಿಳಿಯಬಾರದು, ಮತ್ತು ಮುಂದೆ ಬರಲಿರುವ ಪ್ರಶ್ನೆಯನ್ನು ಮೊದಲೇ ತಿಳಿದುಕೊಂಡು ಚೀಟಿ ಬರೆದಿರಬಾರದು. ಮುಂದಿನ ಐವತ್ತು ವರ್ಷಗಳ ಪ್ರಯೋಗಗಳ ಕಥೆಯೆಂದರೆ ಈ ಷರತ್ತುಗಳನ್ನು ಬಿಗಿಮಾಡುತ್ತ ಹೋದ ಕಥೆ.

ಪ್ರಯೋಗಶಾಲೆಯಲ್ಲಿ ಯಾವ ಜೋಡಿಯೂ ಒಂದೇ ಪ್ರಶ್ನೆಗೆ ನೂರಕ್ಕೆ ನೂರು ಹೊಂದುವುದಿಲ್ಲವಾದ್ದರಿಂದ, ಆ ಊಹೆಯ ಅಗತ್ಯವಿಲ್ಲದ ಅಸಮತೆಯೊಂದು ಬೇಕಿತ್ತು. ಜಾನ್ ಕ್ಲೌಸರ್, ಮೈಕೆಲ್ ಹಾರ್ನ್, ಅಬ್ನರ್ ಶಿಮೋನಿ ಮತ್ತು ರಿಚರ್ಡ್ ಹೋಲ್ಟ್ 1969ರಲ್ಲಿ ಅದನ್ನು ಕೊಟ್ಟರು. ಇಬ್ಬರಿಗೂ ಎರಡೆರಡೇ ಕೋನಗಳು. ಪ್ರತಿ ಕೋನದ ಜೋಡಿಗೂ, ಉತ್ತರಗಳು ಹೊಂದಿದ ಪ್ರಮಾಣದಿಂದ ಹೊಂದದ ಪ್ರಮಾಣವನ್ನು ಕಳೆದು ಒಂದು ಸಂಖ್ಯೆ ಬರೆದುಕೊಳ್ಳಬೇಕು. ಅಂಥ ನಾಲ್ಕು ಸಂಖ್ಯೆಗಳಲ್ಲಿ ಮೂರನ್ನು ಕೂಡಿ, ಒಂದನ್ನು ಕಳೆಯಬೇಕು. ಚೀಟಿಗಳಿಂದ ಬರುವ ಉತ್ತರವಾದರೆ ಫಲ 2ನ್ನು ಮೀರಲಾರದು. ಆಲಿಸ್‌ಗೆ 0 ಮತ್ತು 45, ಬಾಬ್‌ಗೆ 22.5 ಮತ್ತು 67.5 ಡಿಗ್ರಿಗಳನ್ನು ಕೊಟ್ಟರೆ ಕ್ವಾಂಟಂ ಲೆಕ್ಕದಲ್ಲಿ ನಾಲ್ಕು ಸಂಖ್ಯೆಗಳೂ ಸುಮಾರು 0.707 ಆಗುತ್ತವೆ, ಕಳೆಯಬೇಕಾದದ್ದರ ಚಿಹ್ನೆ ಮಾತ್ರ ಋಣ, ಆದ್ದರಿಂದ ಕಳೆದಾಗ ಅದೂ ಕೂಡಿಕೊಳ್ಳುತ್ತದೆ. ಮೊತ್ತ ಸುಮಾರು 2.828, ಅಂದರೆ 2ರ ವರ್ಗಮೂಲದ ಎರಡರಷ್ಟು. ಕ್ವಾಂಟಂ ಸಿದ್ಧಾಂತವೂ ಇದಕ್ಕಿಂತ ಮೇಲೆ ಹೋಗಲಾರದು ಎಂದು ಬೋರಿಸ್ ಸಿರೆಲ್ಸನ್ 1980ರಲ್ಲಿ ಸಾಧಿಸಿದರು.

ಬರ್ಕ್ಲಿಯಲ್ಲಿ ಸ್ಟುವರ್ಟ್ ಫ್ರೀಡ್‌ಮನ್ ಜೊತೆ ಕ್ಲೌಸರ್ 1972ರಲ್ಲಿ ಮೊದಲ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕ್ಯಾಲ್ಸಿಯಂ ಪರಮಾಣುಗಳು ಒಂದರ ಹಿಂದೊಂದು ಹೊರಹಾಕುವ ಎರಡು ಫೋಟಾನ್‌ಗಳೇ ಅವರ ಜೋಡಿ. ಕ್ವಾಂಟಂ ಸಿದ್ಧಾಂತ ಸೋಲುತ್ತದೆ ಎಂಬ ಆಸೆಯಿಂದಲೇ ಕ್ಲೌಸರ್ ಈ ಕೆಲಸಕ್ಕೆ ಇಳಿದಿದ್ದರು, ಗೆದ್ದದ್ದು ಸಿದ್ಧಾಂತ. ಇದೇ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಪಾದರಸದ ಪರಮಾಣುಗಳೊಂದಿಗೆ ಹೋಲ್ಟ್ ನಡೆಸಿದ ಪ್ರಯೋಗ ತದ್ವಿರುದ್ಧ ಫಲ ಕೊಟ್ಟಿತು ಎಂಬುದನ್ನು ಇಂದಿನ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಎಲ್ಲೋ ದೋಷವಿರಬೇಕೆಂಬ ಅಳುಕಿನಿಂದ ಅದು ನಿಯತಕಾಲಿಕೆಗಳಿಗೆ ಹೋಗಲೇ ಇಲ್ಲ, ಮತ್ತು 1976ರಲ್ಲಿ ಕ್ಲೌಸರ್ ಪಾದರಸದಿಂದಲೇ ಅದನ್ನು ಮರಳಿ ಮಾಡಿದಾಗ ಫಲ ಕ್ವಾಂಟಂ ಸಿದ್ಧಾಂತದ ಕಡೆಗೇ ಬಂತು. ಪ್ಯಾರಿಸ್ ಬಳಿಯ ಓರ್ಸೆಯಲ್ಲಿ ಅಲೈನ್ ಆಸ್ಪೆ ಮತ್ತು ಸಂಗಡಿಗರು 1982ರಲ್ಲಿ, ಫೋಟಾನ್‌ಗಳು ಹಾರುತ್ತಿರುವಾಗಲೇ ಅಳತೆಯ ಕೋನವನ್ನು ಬದಲಿಸುವ ಏರ್ಪಾಡು ಮಾಡಿದರು. ಆದರೆ ಆ ಬದಲಾವಣೆ ಗಡಿಯಾರದಂತೆ ನಿಯತವಾಗಿತ್ತು. ನಿಜವಾಗಿಯೂ ಯಾದೃಚ್ಛಿಕವಾಗಿ ಪ್ರಶ್ನೆ ಆರಿಸುವ ಪ್ರಯೋಗವನ್ನು 1998ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಆಂಟನ್ ಝೈಲಿಂಗರ್ ಅವರ ತಂಡ 400 ಮೀಟರ್ ಅಂತರದಲ್ಲಿ ನಡೆಸಿತು. ಅಷ್ಟಾದರೂ ಇನ್ನೊಂದು ಸಂದು ಉಳಿದಿತ್ತು. ಹೊರಟ ಫೋಟಾನ್‌ಗಳಲ್ಲಿ ಬಹುಪಾಲು ಶೋಧಕಗಳಿಗೆ ಸಿಗುತ್ತಲೇ ಇರಲಿಲ್ಲ. ಸಿಕ್ಕವು ಮಾತ್ರ ಕ್ವಾಂಟಂ ಸಿದ್ಧಾಂತಕ್ಕೆ ಒಪ್ಪುವಂಥವು, ಸಿಗದವುಗಳ ಜೇಬಿನಲ್ಲಿ ಬೇರೆ ಚೀಟಿ ಇತ್ತು ಎಂದು ಹಠಮಾರಿಯೊಬ್ಬ ವಾದಿಸಿದರೆ ತಳ್ಳಿಹಾಕುವಂತಿರಲಿಲ್ಲ.

ಎರಡೂ ಸಂದುಗಳನ್ನು ಒಟ್ಟಿಗೆ ಮುಚ್ಚಿದ್ದು 2015ರಲ್ಲಿ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಸುಮಾರು 1.3 ಕಿಲೋಮೀಟರ್ ಅಂತರದಲ್ಲಿ ಎರಡು ವಜ್ರದ ಹರಳುಗಳನ್ನಿಟ್ಟು, ಅವುಗಳೊಳಗಿನ ಎಲೆಕ್ಟ್ರಾನ್ ಸ್ಪಿನ್‌ಗಳನ್ನು ಹೆಣೆದು, ಅಳೆದರು. ಆ ದೂರ ಕ್ರಮಿಸಲು ಬೆಳಕಿಗೂ ನಾಲ್ಕು ಮೈಕ್ರೋಸೆಕೆಂಡಿಗಿಂತ ಹೆಚ್ಚು ಬೇಕು. ಪ್ರಶ್ನೆಯ ಆಯ್ಕೆ ಮತ್ತು ಅಳತೆ ಎರಡೂ ಅಷ್ಟರೊಳಗೆ ಮುಗಿಯುತ್ತಿದ್ದವು. ಸ್ಪಿನ್‌ಗಳು ಫೋಟಾನ್‌ಗಳಂತೆ ಕಳೆದುಹೋಗದ ಕಾರಣ ಪ್ರತಿ ಪ್ರಯತ್ನಕ್ಕೂ ಉತ್ತರ ಸಿಗುತ್ತಿತ್ತು. ಒಟ್ಟು ಸಿಕ್ಕಿದ್ದು 245 ಪ್ರಯತ್ನಗಳು ಮಾತ್ರ, ಫಲ 2.42, ಅನಿಶ್ಚಿತತೆ 0.20. ವಿಯೆನ್ನಾ ಮತ್ತು ಅಮೆರಿಕದ ಬೋಲ್ಡರ್‌ನ ತಂಡಗಳು ಅದೇ ವರ್ಷ ಫೋಟಾನ್‌ಗಳಿಂದ ಇನ್ನೂ ಬಲವಾದ ಪುರಾವೆ ಕೊಟ್ಟವು. ಕ್ಲೌಸರ್, ಆಸ್ಪೆ ಮತ್ತು ಝೈಲಿಂಗರ್ 2022ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಬೆಲ್ 1990ರಲ್ಲೇ ತೀರಿಕೊಂಡಿದ್ದರು.

ಚೀಟಿ ಇಲ್ಲವೆಂದ ಮೇಲೆ ಅವು ಮಾತಾಡಿಕೊಳ್ಳುತ್ತಿವೆಯೇ? ಇದಕ್ಕೆ ಒಂದೇ ಮಾತಿನ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ, ಏಕೆಂದರೆ ವ್ಯಾಖ್ಯಾನಗಳ ಜಗಳ ಇನ್ನೂ ಮುಗಿದಿಲ್ಲ. ಆದರೆ ಆ ಜಗಳಕ್ಕೆ ಹೊರತಾದ ಒಂದು ಸಂಗತಿ ಇದೆ: ಈ ಸಂಬಂಧದ ಮೂಲಕ ಆಲಿಸ್ ಬಾಬ್‌ಗೆ ಏನನ್ನೂ ಹೇಳಿ ಕಳಿಸಲಾರಳು. ಅವಳು ತನ್ನ ಧ್ರುವಕವನ್ನು ಯಾವ ಕೋನಕ್ಕೆ ತಿರುಗಿಸಿದರೂ, ಅಥವಾ ಅಳೆಯದೆಯೇ ಬಿಟ್ಟರೂ, ಬಾಬ್ ತನ್ನ ಕಡೆ ಕಾಣುವುದು ಅರ್ಧ ಹೌದು, ಅರ್ಧ ಇಲ್ಲ. ಹೊಂದಾಣಿಕೆ ಕಾಣಬೇಕಾದರೆ ಇಬ್ಬರ ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು, ಮತ್ತು ಪಟ್ಟಿಯನ್ನು ಒಯ್ಯಲು ಫೋನೋ ಅಂಚೆಯೋ ಬೇಕು. ನಿಕ್ ಹರ್ಬರ್ಟ್ ಎಂಬ ಭೌತವಿಜ್ಞಾನಿ 1980ರ ದಶಕದ ಆರಂಭದಲ್ಲಿ ಇದಕ್ಕೊಂದು ಉಪಾಯ ಹೂಡಿದರು: ಬಾಬ್ ತನ್ನ ಫೋಟಾನಿನ ಅನೇಕ ನಕಲುಗಳನ್ನು ಲೇಸರ್ ಬಳಸಿ ತಯಾರಿಸಿ, ಅವುಗಳನ್ನು ಬೇರೆ ಬೇರೆ ಕೋನಗಳಲ್ಲಿ ಅಳೆದರೆ ಆಲಿಸ್ ಆರಿಸಿದ ಪ್ರಶ್ನೆ ಯಾವುದೆಂದು ಊಹಿಸಬಹುದಲ್ಲವೇ ಎಂದು. ಉಪಾಯ ತಪ್ಪಾಗಿತ್ತು, ಆದರೆ ಎಲ್ಲಿ ತಪ್ಪಿದೆ ಎಂದು ಹುಡುಕಿದ ವಿಲಿಯಂ ವೂಟರ್ಸ್ ಮತ್ತು ವೊಯ್‌ಚೆಕ್ ಝುರೆಕ್, ಬೇರೆಯಾಗಿ ಡೆನ್ನಿಸ್ ಡೀಕ್ಸ್, 1982ರಲ್ಲಿ ಅಪರಿಚಿತ ಕ್ವಾಂಟಂ ಸ್ಥಿತಿಯೊಂದನ್ನು ನಕಲು ಮಾಡುವುದೇ ಅಸಾಧ್ಯ ಎಂಬ ಪ್ರಮೇಯವನ್ನು ಕೊಟ್ಟರು. ತಪ್ಪು ಲೇಖನವೊಂದರಿಂದ ಇಷ್ಟು ಒಳ್ಳೆಯ ಫಲ ಬಂದದ್ದು ಅಪರೂಪ.

ಚೀಟಿ ಇಲ್ಲ ಎಂಬುದಕ್ಕೆ ವ್ಯವಹಾರದ ಬೆಲೆಯೂ ಇದೆ. ಉತ್ತರ ಎಲ್ಲೂ ಮೊದಲೇ ಬರೆದಿಲ್ಲವಾದರೆ ಅದನ್ನು ಕದ್ದು ಓದಲು ಯಾರಿಗೂ ಸಾಧ್ಯವಿಲ್ಲ. ಆರ್ಟರ್ ಎಕರ್ಟ್ 1991ರಲ್ಲಿ ಇದನ್ನೇ ಆಧರಿಸಿ ಗುಪ್ತಕೀಲಿ ಹಂಚುವ ವಿಧಾನ ರೂಪಿಸಿದರು: ಆಲಿಸ್ ಮತ್ತು ಬಾಬ್ ಕೆಲವು ಜೋಡಿಗಳನ್ನು ಬೆಲ್ ಪರೀಕ್ಷೆಗೆ ಬಳಸುತ್ತಾರೆ, ಫಲ 2ಕ್ಕಿಂತ ಸಾಕಷ್ಟು ಮೇಲಿದ್ದರೆ ಉಳಿದ ಜೋಡಿಗಳ ಹೊಂದುವ ಉತ್ತರಗಳನ್ನೇ ಕೀಲಿಯಾಗಿ ಇಟ್ಟುಕೊಳ್ಳುತ್ತಾರೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ನ ಗುರಿಗಳಲ್ಲಿ ಇಂಥ ಸಂವಹನವೂ ಸೇರಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಜೋಡಿ ಫೋಟಾನ್‌ಗಳ ಪ್ರಯೋಗಗಳು ಅದಕ್ಕೂ ಮೊದಲಿನಿಂದ ನಡೆಯುತ್ತಿವೆ.

ಐಬಿಎಂ 2016ರಲ್ಲಿ ಐದು ಕ್ಯೂಬಿಟ್‌ಗಳ ಯಂತ್ರವೊಂದನ್ನು ಅಂತರಜಾಲದ ಮೂಲಕ ಸಾರ್ವಜನಿಕರಿಗೆ ತೆರೆದ ಮೇಲೆ, ಬೆಲ್ ಜೋಡಿಯನ್ನು ತಯಾರಿಸಿ ಅಳೆಯುವುದು ವಿದ್ಯಾರ್ಥಿಗಳ ಮೊದಲ ಅಭ್ಯಾಸವಾಗಿದೆ. ಸಾವಿರ ಸಲ ಓಡಿಸಿದರೆ ಹೆಚ್ಚಿನವು 00 ಮತ್ತು 11 ಬರುತ್ತವೆ, ಜೊತೆಗೆ ಬರಬಾರದ 01 ಮತ್ತು 10 ಕೂಡ ಒಂದಿಷ್ಟು ಇಣುಕುತ್ತವೆ. ಇವು ಸದ್ದಿನ, ಅಂದರೆ ಯಂತ್ರದ ದೋಷ ಮತ್ತು ಹೊರಗಿನ ಅಡಚಣೆಗಳ, ಫಲ. ಈ ಸದ್ದನ್ನು ಒರಟಾಗಿ ಲೆಕ್ಕಕ್ಕೆ ತರುವ ಒಂದು ಬಗೆ ಹೀಗಿದೆ: ಒಳ್ಳೆಯ ಬೆಲ್ ಜೋಡಿಗಳ ನಡುವೆ, ಯಾವ ಪ್ರಶ್ನೆಗೂ ಬಾಯಿಗೆ ಬಂದ ಉತ್ತರ ಕೊಡುವ ಜೋಡಿಗಳು ಬೆರೆತಿವೆ ಎಂದುಕೊಳ್ಳುವುದು. ಒಳ್ಳೆಯ ಜೋಡಿಗಳ ಪಾಲು ಎಷ್ಟೋ, 2.828 ಅಷ್ಟರಮಟ್ಟಿಗೆ ಕುಗ್ಗುತ್ತದೆ. ಪಾಲು ಶೇಕಡ 90 ಇದ್ದರೆ ಫಲ ಸುಮಾರು 2.55, ಅದು ಶೇಕಡ 70.7ಕ್ಕೆ ಇಳಿದಾಗ ಸರಿಯಾಗಿ 2ಕ್ಕೆ ಬಂದು ನಿಲ್ಲುತ್ತದೆ, ಮತ್ತು ಅಲ್ಲಿಂದ ಕೆಳಗೆ ಈ ಪರೀಕ್ಷೆ ಏನನ್ನೂ ಸಾಧಿಸಿ ತೋರಿಸಲಾರದು. ಹಾಗೆಂದು ಜೋಡಿಯ ಹೆಣಿಗೆ ಅಲ್ಲಿಗೆ ಬಿಚ್ಚಿಹೋಯಿತೆಂದು ಅರ್ಥವಲ್ಲ. ಒಳ್ಳೆಯ ಜೋಡಿಗಳ ಪಾಲು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರುವವರೆಗೂ ಗಣಿತದ ಅರ್ಥದಲ್ಲಿ ಅವು ಹೆಣೆದುಕೊಂಡೇ ಇರುತ್ತವೆ. ಆದರೆ ಪಾಲು ಅರ್ಧಕ್ಕಿಂತ ಕಡಿಮೆಯಾದರೆ, ಎರಡೇ ಉತ್ತರಗಳಿರುವ ಸಾಮಾನ್ಯ ಅಳತೆಗಳಲ್ಲಿ ಯಾವ ಕೋನದಲ್ಲಿ ಪ್ರಶ್ನೆ ಕೇಳಿದರೂ ಬರುವ ಉತ್ತರಗಳನ್ನೆಲ್ಲ ಚೀಟಿ ಬರೆದೇ ಕೊಡಬಹುದು ಎಂದು ರೈನ್‌ಹಾರ್ಡ್ ವೆರ್ನರ್ 1989ರಲ್ಲಿ ತೋರಿಸಿದರು. ಹೆಣೆದುಕೊಂಡಿದ್ದೂ ಚೀಟಿಯಿಂದ ವಿವರಿಸಬಹುದಾದ ಜೋಡಿಗಳಿವೆ ಎಂದಾಯಿತು. ಇಂಥ ಜೋಡಿಯ ಮುಂದೆ ನಮ್ಮ ಮೌಲ್ಯಮಾಪಕರು ಯಾವ ಪ್ರಶ್ನೆಪತ್ರಿಕೆ ತಯಾರಿಸಿದರೂ ಇಬ್ಬರೂ ಚೀಟಿ ನೋಡಿ ಬರೆದರೋ ಇಲ್ಲವೋ ಎಂಬುದನ್ನು ಉತ್ತರಗಳಿಂದ ತಿಳಿಯಲಾರರು.